ತವರಿನಲ್ಲಿ ಮೊದಲ ಸೂಜಿ, ಮುಂದಿನದು ಜತ್ತದಲ್ಲಿ

ಜತ್ತ: ಹೆರಿಗೆಗೆಂದು ವಿಜಯಪುರದ ಕಡೆಯ ತವರಿಗೆ ಹೋಗಿ, ಕೂಸು ಎತ್ತಿಕೊಂಡು ಜತ್ತ ತಾಲ್ಲೂಕಿನ ಗಂಡನ ಮನೆಗೆ ಮರಳುವುದು ಗಡಿಭಾಗದ ಸೊಸೆಯಂದಿರ ವಾಡಿಕೆ. ಈ ಓಡಾಟದಲ್ಲಿ ಸುಲಭವಾಗಿ ತಪ್ಪಿಹೋಗುವಂಥದ್ದು ಪಿಸಿವಿ ಎಂಬ ನ್ಯುಮೊಕಾಕಲ್ ಲಸಿಕೆ.

ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ ತರುವ ನ್ಯುಮೊಕಾಕಸ್ ರೋಗಾಣುವಿನಿಂದ ಕೂಸನ್ನು ಕಾಯುವ ಸೂಜಿಯಿದು. 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಖಾಸಗಿ ದವಾಖಾನೆಯಲ್ಲಿ ಸಾವಿರಗಟ್ಟಲೆ ರೂಪಾಯಿ. ಸರ್ಕಾರಿ ಕೇಂದ್ರಗಳಲ್ಲಿ, ಗಡಿಯ ಆಚೆಗೂ ಈಚೆಗೂ, ಪುಕ್ಕಟೆ.

ಗೊಂದಲವಿರುವುದು ದಿನಗಳ ಲೆಕ್ಕದಲ್ಲಿ. 6ನೇ ವಾರ, 14ನೇ ವಾರ, ಆಮೇಲೆ 9ನೇ ತಿಂಗಳಿಗೆ ಬೂಸ್ಟರ್. ನಡುವೆ 10ನೇ ವಾರಕ್ಕೆ ಬೇರೆ ಲಸಿಕೆಗಳಿವೆ, ಪಿಸಿವಿ ಇಲ್ಲ. ಹಾಗಾಗಿ ‘ಎಲ್ಲಾ ಸೂಜಿ ಆಗ್ಯಾವ್ರಿ’ ಎಂಬ ಮಾತು ಸಾಲದು, ಕಾರ್ಡೇ ನೋಡಬೇಕು. ಕನ್ನಡದ ಕಾರ್ಡು ಇಲ್ಲಿಯ ನರ್ಸ್‌ಬಾಯಿಗೆ ಓದಲು ಬಾರದಿದ್ದರೆ ಓದಿ ಹೇಳುವವರು ಸಿಕ್ಕಾರು. ಕಾರ್ಡನ್ನೇ ತವರಿನಲ್ಲಿ ಬಿಟ್ಟು ಬಂದರೆ ಕಷ್ಟ.

ತಡವಾದರೆ? ಮೊದಲ ಡೋಸ್ ವರ್ಷ ತುಂಬುವುದರೊಳಗೆ ಆಗಿದ್ದರೆ ಉಳಿದವನ್ನು ಮುಂದುವರಿಸಬಹುದು, ಮತ್ತೆ ಮೊದಲಿನಿಂದ ಬೇಕಿಲ್ಲ. ಸೂಜಿಯ ನಂತರ ಸಣ್ಣ ಜ್ವರ, ತೊಡೆಯಲ್ಲಿ ತುಸು ಬಾವು ಸಾಮಾನ್ಯ.

ಎಲ್ಲ ಬಗೆಯ ನ್ಯುಮೋನಿಯಾವನ್ನೂ ಈ ಲಸಿಕೆ ತಡೆಯುವುದಿಲ್ಲ. ಕೂಸು ಏದುಸಿರು ಬಿಡುತ್ತ ಪಕ್ಕೆ ಸೆಳೆಯುತ್ತಿದ್ದರೆ ಬರೆ, ತಾಯತ ಎಂದು ಕೂಡದೆ ಕೂಡಲೇ ದವಾಖಾನೆಗೆ ಒಯ್ಯಬೇಕು.