ಸೈಕಲ್ಲಿನ ಕಾರ್ಣಿಕ

ಒಂದೇ ಒಂದು ನುಡಿಯ ಅರ್ಥವನ್ನು ವರ್ಷವಿಡೀ ಚರ್ಚಿಸುವುದು ನಮ್ಮೂರಿನವರಿಗೆ ಹೊಸದಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಪ್ರತಿವರ್ಷ ಮಹಾನವಮಿಯ ಸಮಯಕ್ಕೆ ಮಾಲತೇಶನ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಕಿಕ್ಕಿರಿದ ಜನ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆತನ ಬಾಯಿಂದ ಬಿದ್ದುದು ಮಳೆಯ ಮಾತೋ, ಬೆಳೆಯ ಮಾತೋ, ರಾಜಕಾರಣದ ಮಾತೋ ಎಂಬುದನ್ನು ಕೇಳಿದವರೇ ಬಿಡಿಸಿಕೊಳ್ಳಬೇಕು. ನಾನು ಬಾಲ್ಯದಲ್ಲಿ ಬಿಡಿಸಹೊರಟ ಕಾರ್ಣಿಕವನ್ನು ನುಡಿದದ್ದು ಮಾತ್ರ ನಮ್ಮ ತಂದೆಯವರ ಸೈಕಲ್ಲು.

ತಂದೆಯವರು ಅದಕ್ಕೆ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ದಿನವೂ ನಸುಕಿನಲ್ಲಿ ರಾಣೆಬೆನ್ನೂರಿಗೆ ಹೋಗುತ್ತಿದ್ದರು. ಮನೆಯ ಉಪ್ಪು-ಎಣ್ಣೆ, ನನ್ನ ಪಾಟಿ-ಪುಸ್ತಕ ಎಲ್ಲವೂ ಆ ಎರಡು ಗಾಲಿಗಳನ್ನೇ ನಂಬಿದ್ದುವು. ೧೯೯೦ರ ದಶಕದ ಒಂದು ನವರಾತ್ರಿಯಲ್ಲಿ ಅದು ಪೆಡಲಿನ ಪ್ರತಿ ಸುತ್ತಿಗೊಮ್ಮೆ ‘ಕಟಕ್’ ಎನ್ನತೊಡಗಿತು. ಆಯುಧಪೂಜೆಯ ಹಿಂದಿನ ದಿನ ಅದನ್ನು ತೊಳೆದು ಒರೆಸುವ ಕೆಲಸ ನನ್ನ ಪಾಲಿಗೆ ಬಂದಿತು. ರೋಗವನ್ನೂ ನಾನೇ ಕಳೆದುಬಿಟ್ಟರಾಯಿತೆಂದುಕೊಂಡೆ. ಆಗ ನನಗೆ ಹನ್ನೆರಡು ವರ್ಷ.

ಮೊದಲ ಸಂಶಯ ಚೈನಿನ ಮೇಲೆ. ಅಡಿಗೆಮನೆಯ ಕುಸುಬಿ ಎಣ್ಣೆಯನ್ನು ಕದ್ದು ಎರೆದೆ. ಸದ್ದು ನಿಲ್ಲಲಿಲ್ಲ. (ಆ ಎಣ್ಣೆ ಮುಂದೆ ಅಂಟಾಗಿ ಊರ ಧೂಳನ್ನೆಲ್ಲ ಹಿಡಿದುಕೊಂಡದ್ದು ಬೇರೆಯ ಕಥೆ.) ಬಳಿಕ ಎಡ ಪೆಡಲಿಗೆ ಪಾನಾ ಹಾಕಿದೆ. ಲೋಕದ ತಿರುಪುಗಳೆಲ್ಲ ಯಾವ ಕಡೆಗೆ ಬಿಚ್ಚುವುವೋ ಆ ಕಡೆಗೇ ತಿರುಗಿಸಿದೆ, ತಿರುಗಿಸಿದಷ್ಟೂ ಬಿಗಿಯಾಯಿತು. ಮೈಭಾರವನ್ನೆಲ್ಲ ಹಾಕಿದಾಗ ಪಾನಾ ಜಾರಿ ಬೆರಳ ಗಿಣ್ಣು ಕಿತ್ತುಹೋಯಿತು. ಎಡ ಪೆಡಲಿನ ತಿರುಪು ಬೇಕೆಂದೇ ಉಲ್ಟಾ ಇರುತ್ತದೆಂಬುದು, ಇಲ್ಲವಾದರೆ ತುಳಿದಂತೆಲ್ಲ ಅದು ತಾನಾಗಿ ಬಿಚ್ಚಿಕೊಂಡೀತೆಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ೧೯೦೩ರಲ್ಲಿ ವಿಮಾನ ಹಾರಿಸಿದ ರೈಟ್ ಸೋದರರು ಮೊದಲು ಡೇಟನ್ ನಗರದಲ್ಲಿ ಸೈಕಲ್ ಅಂಗಡಿಯವರಾಗಿದ್ದರಷ್ಟೆ. ಬಿಚ್ಚಿಕೊಳ್ಳದ ಇಂಥ ಪೆಡಲನ್ನು ಅವರು ೧೯೦೦ರಲ್ಲಿ ಹೆಮ್ಮೆಯಿಂದ ಸಾರಿಕೊಂಡಿದ್ದರೆಂದು ಓದಿದಾಗ ಗಿಣ್ಣಿನ ಕಲೆಯನ್ನೊಮ್ಮೆ ಸವರಿಕೊಂಡೆ.

ಕೊನೆಗೆ ಕ್ರ್ಯಾಂಕನ್ನು ಹಿಡಿದು ಅಲುಗಾಡಿಸಿದಾಗ ಕಳ್ಳ ಸಿಕ್ಕಿದ. ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಬೆಣೆ, ಕಾಟರ್ ಪಿನ್ನು, ಸವೆದು ಸಡಿಲಾಗಿದ್ದಿತು. ಸುತ್ತಿಗೆಯಿಂದ ಹೊಡೆಹೊಡೆದು ಎರಡು ಪಿನ್ನುಗಳ ತಲೆಯನ್ನೂ ಅಣಬೆಯಂತೆ ಅರಳಿಸಿ ಹೊರತೆಗೆದೆ. ಕೂಡಿಟ್ಟ ಚಿಲ್ಲರೆಯಿಂದ ಹೊಸ ಜೋಡಿಯನ್ನು ತಂದು ಕಂದೀಲಿನ ಬೆಳಕಿನಲ್ಲಿ ಎರಡನ್ನೂ ಒಂದೇ ಮಗ್ಗುಲಿನಿಂದ ಬಡಿದು ಕೂಡಿಸಿ ಮಲಗಿದೆ.

ನಸುಕಿನಲ್ಲಿ ತಂದೆಯವರು ಹತ್ತು ಮಾರು ತುಳಿದು ಇಳಿದುಬಿಟ್ಟರು. ಕಟಕ್ ಹೋಗಿದ್ದಿತು, ಆದರೆ ಒಂದು ಕ್ರ್ಯಾಂಕು ಇನ್ನೊಂದರ ನೇರಕ್ಕಿಲ್ಲದೆ ಸೈಕಲ್ಲೇ ಕುಂಟುತ್ತಿದ್ದಿತು. ಬಾಗಿಲ ಮರೆಯಲ್ಲಿ ನಿಂತು ಏಟಿಗೆ ಕಾದೆ. ಅವರು ಕ್ಯಾನುಗಳನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

“ಇವತ್ತ ನಡಕೋತ ಹೊಕ್ಕೀನಿ. ಸಂಜೀ ಅನ್ನೂದ್ರಾಗ ಕೂಡಿಸಿ ಇಡು.”

ಹಬ್ಬದ ದಿನ, ಸೈಕಲ್ ಅಂಗಡಿಗೆ ಬಾಗಿಲು ಹಾಕಿದ್ದಿತು. ಮಧ್ಯಾಹ್ನದ ಮೇಲೆ ಗುಡ್ಡದ ಕಡೆಗೆ ಓಡಿದೆ. ಸುತ್ತಲ ಊರುಗಳಿಂದ ಕಾರ್ಣಿಕ ಕೇಳಲು ಬಂದವರ ಸೈಕಲ್ಲುಗಳು ಗೋಡೆಯುದ್ದಕ್ಕೂ ಒರಗಿದ್ದುವು. ಒಂದೊಂದರ ಬಳಿಯೂ ಕುಕ್ಕರಿಸಿ ಕ್ರ್ಯಾಂಕನ್ನು ಮಟ್ಟಸವಾಗಿ ನಿಲ್ಲಿಸಿ ನೋಡಿದೆ. ಒಂದು ಕಡೆಯ ಪಿನ್ನಿನ ನಟ್ಟು ಮೇಲ್ಮುಖ, ಇನ್ನೊಂದು ಕಡೆಯದು ಕೆಳಮುಖ. ಮುಂದಿನದರಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ ಹಾಗೆಯೇ. ಏಳನೆಯದೋ ಎಂಟನೆಯದೋ ಸೈಕಲ್ಲಿನ ಬಳಿ ಇದ್ದಾಗ ದೂರದ ಗದ್ದಲವೆಲ್ಲ ಒಮ್ಮೆಗೇ ಅಡಗಿತು. ಮರುಗಳಿಗೆಗೆ ದೊಡ್ಡದೊಂದು ಹುಯಿಲೆದ್ದಿತು. ನಡುವೆ ಬಿದ್ದ ನುಡಿ ನನ್ನ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದು ಒಂದು ಪಿನ್ನನ್ನು ಕಿತ್ತು ಎದುರು ಮಗ್ಗುಲಿನಿಂದ ಹಾಕಿದೆ. ದಣಿದು ಮಲಗಿದ್ದ ತಂದೆಯವರು ಆ ವರ್ಷ ಗುಡ್ಡಕ್ಕೆ ಹೋಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದರು.

“ಕಾರ್ಣಿಕ ಏನಾತಲೇ?”

“ಕೇಳಲಿಲ್ಲಪ್ಪಾ.”

ಅವರು ಏನೂ ಅನ್ನಲಿಲ್ಲ. ಅವ್ವ ಹ್ಯಾಂಡಲ್ಲಿಗೆ ಭಂಡಾರ ಹಚ್ಚಿದಳು. ಮರುದಿನ ನಸುಕಿನಲ್ಲಿ ಓಣಿಯ ತಿರುವಿನವರೆಗೂ ಕ್ಯಾನುಗಳ ಸಪ್ಪಳವಷ್ಟೇ ಕೇಳಿಸಿತು.