ಆನೆಯ ಸುದ್ದಿಗೆ ಮೂರು ಮನೆ

ಹಾಲಿನ ಪುಡಿ ಕದಡಿ ಕಾಯಿಸಿದ ಬಿಸಿ ಹಾಲಿನ ವಾಸನೆ ಅಡುಗೆ ಕೋಣೆಯ ಕಡೆಯಿಂದ ಇನ್ನೂ ಬರುತ್ತಿದೆ. ತೊಳೆದು ಬೋರಲು ಹಾಕಿದ ಸ್ಟೀಲ್ ಲೋಟಗಳಿಂದ ನೀರು ತೊಟ್ಟಿಕ್ಕುತ್ತಿದೆ. ಇದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಸರ್ಕಾರಿ ಶಾಲೆ. ಚಪ್ಪಲಿ ಹೊರಗೆ ಬಿಟ್ಟು, ತಲೆ ಸ್ವಲ್ಪ ಬಗ್ಗಿಸಿ ಒಳಗೆ ಬನ್ನಿ. ಇಲ್ಲದಿದ್ದರೆ ಅಡ್ಡಡ್ಡ ಕಟ್ಟಿದ ದಾರಗಳಿಂದ ತೂಗಾಡುವ ಮಕ್ಕಳ ಚಿತ್ರಗಳು, ಬರೆದ ಹಾಳೆಗಳು ನಿಮ್ಮ ಹಣೆಗೆ ತಾಗುತ್ತವೆ. ಚಿತ್ರ, ಕಾರ್ಡುಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಕೊಠಡಿಯಲ್ಲಿ ಇದಕ್ಕೆ ಚಪ್ಪರ ಅಂತಲೇ ಹೆಸರು.

ಇಲ್ಲಿ ಬೆಂಚುಗಳಿಲ್ಲ. ಒಂದನೆಯದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೇ, ಚಾಪೆಗಳ ಮೇಲೆ ಗುಂಪುಗುಂಪಾಗಿ ಕೂತಿದ್ದಾರೆ. ಒಂದು ಗುಂಪಿಗೆ ಶಿಕ್ಷಕಿಯ ಪೂರ್ಣ ಸಹಾಯ ಬೇಕು, ಇನ್ನೊಂದಕ್ಕೆ ಅರ್ಧಂಬರ್ಧ, ಮತ್ತೊಂದು ಗುಂಪು ಜೊತೆಗಾರರನ್ನೇ ನೋಡಿ ಕಲಿಯುತ್ತದೆ. ಮೂಲೆಯ ಗುಂಪು ಯಾರ ಗೊಡವೆಯೂ ಇಲ್ಲದೆ ತನ್ನ ಪಾಡಿಗೆ ತಾನು ಬರೆಯುತ್ತಿದೆ. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೆ ಬಳಿದ ಹಲಗೆಯ ಮೇಲೆ ಸೀಮೆಸುಣ್ಣ ಕಿರಗುಟ್ಟುತ್ತದೆ. ಬರೆದದ್ದನ್ನು ಒರೆಸಲು ಬಟ್ಟೆ ಇದ್ದರೂ ಅಂಗೈಯೇ ಮೊದಲು ಹೋಗುತ್ತದೆ.

ಎರಡನೆಯ ತರಗತಿಯ ಹುಡುಗನೊಬ್ಬ ಬಂದಾಗಿನಿಂದ ಚಡಪಡಿಸುತ್ತಿದ್ದಾನೆ. ಅವನ ಹತ್ತಿರ ಸುದ್ದಿಯಿದೆ. ಶಿಕ್ಷಕಿ ಹತ್ತಿರ ಬಂದದ್ದೇ ತಡ, ಒಂದೇ ಉಸಿರಿನಲ್ಲಿ ಸುರಿದ: “ಮಿಸ್, ರಾತ್ರಿ ಆನೆ ಬಂದು ನಮ್ ಮಾವನ್ ಹೊಲದಲ್ಲಿ ಜೋಳ ಎಲ್ಲಾ ತಿಂದು ತುಳ್ದಾಕ್ಬುಟ್ಟದೆ!” ಸಮಯ, ಜಾಗ, ಕರ್ತೃ, ಕರ್ಮ, ಕ್ರಿಯೆ ಎಲ್ಲವೂ ಇರುವ, ಪಂಡಿತರೂ ತಪ್ಪು ಹುಡುಕಲಾಗದ ವಾಕ್ಯ ಅದು. “ಅದನ್ನೇ ಬರಿ ಮಗ” ಎಂದರು ಅವರು. ನಾಲಿಗೆ ಕಚ್ಚಿಕೊಂಡು, ಸ್ಲೇಟಿನ ಮೇಲೆ ಮೂಗು ತಾಗುವಷ್ಟು ಬಾಗಿ, ಬಹಳ ಹೊತ್ತು ಬರೆದ. ಸ್ಲೇಟಿನಲ್ಲಿ ಮೂಡಿದ್ದು ಎರಡೇ ಪದ: ‘ಆನೆ ಜೋಳ’.

ಬಾಯಿಗೆ ಬಂದದ್ದು ಕೈಗೆ ಬರುವಷ್ಟರಲ್ಲಿ ಹೀಗೆ ಅರ್ಧ ಸೋರಿಹೋಗುತ್ತದೆ. ಅಕ್ಷರದ ಆಕಾರ, ಕೊಂಬು, ಇಳಿ, ಒತ್ತು ಇಷ್ಟನ್ನೂ ನೆನೆಯುವುದರಲ್ಲೇ ಮಗುವಿನ ಗಮನವೆಲ್ಲ ಖರ್ಚಾಗಿರುತ್ತದೆ. ಹೇಳಬೇಕಿದ್ದ ಮಾತಿನ ಬಾಲ ಅಷ್ಟರಲ್ಲಿ ಮರೆತಿರುತ್ತದೆ.

ಶಿಕ್ಷಕಿ ಬೈಯಲಿಲ್ಲ. ಒಂದು ರಟ್ಟಿನ ಹಾಳೆ ತಂದು ಚಾಪೆಯ ಮೇಲೆ ಹಾಸಿದರು. ಅದರಲ್ಲಿ ಮೂರು ಚೌಕ. ನೀಲಿ ಚೌಕದ ಮೇಲೆ ‘ಯಾರು?’, ಹಳದಿಯ ಮೇಲೆ ‘ಏನನ್ನು?’, ಕೆಂಪಿನ ಮೇಲೆ ‘ಏನು ಮಾಡಿತು?’. ಮಕ್ಕಳು ಈ ಚೌಕಗಳನ್ನು ಕುಂಟೆಬಿಲ್ಲೆಯ ಹಾಗೆ ‘ಮನೆ’ ಎನ್ನುತ್ತಾರೆ. ಹುಡುಗ ನೀಲಿ ಮನೆಯಲ್ಲಿ ಆನೆ ಬರೆದ, ಹಳದಿಯಲ್ಲಿ ಜೋಳ. ಕೆಂಪು ಮನೆ ಖಾಲಿ ಉಳಿದದ್ದು ಈಗ ಅವನ ಕಣ್ಣಿಗೇ ಬಿತ್ತು. ಪಕ್ಕದವನ ಸಾಲಿನಲ್ಲಿ ‘ಅಣ್ಣ ಮುದ್ದೆ ತಿಂದನು’ ಎಂದಿತ್ತು. ಕದ್ದು ನೋಡಿ ತಾನೂ ‘ತಿಂದನು’ ಎಂದು ಬರೆದುಬಿಟ್ಟ. ಇಡೀ ಗುಂಪು ಘೊಳ್ಳೆಂದಿತು. “ಆನೆ ಏನ್ಲಾ ನಿಮ್ಮಾವನಾ?” ಎಂದು ಒಬ್ಬಳು ಛೇಡಿಸಿದಳು. ಅಂಗೈಯಿಂದ ‘ನು’ ಒರೆಸಿ ‘ತಿಂದಿತು’ ಮಾಡಿದ. ನಗದ ಇನ್ನೊಬ್ಬ ಹುಡುಗಿ ಮಾತ್ರ ಗಂಭೀರವಾಗಿ ಕೇಳಿದಳು: “ಎಲ್ಲಿ ತಿಂತು, ಮಿಸ್?” ಹೌದಲ್ಲ! ನೀಲಿಗೂ ಹಳದಿಗೂ ನಡುವೆ ಒಂದು ಹಸಿರು ಮನೆ ಎದ್ದಿತು. ಆನೆ ಹೊಲದಲ್ಲಿ ಜೋಳ ತಿಂದಿತು.

ಆ ಕೆಂಪು ಮನೆ ಕೊನೆಯಲ್ಲೇ ಇರುವುದನ್ನು ಗಮನಿಸಿದಿರಾ? ಕನ್ನಡದಲ್ಲಿ ಕ್ರಿಯಾಪದದ ಜಾಗ ಸಾಮಾನ್ಯವಾಗಿ ವಾಕ್ಯದ ತುದಿಯೇ. ಗಂಡೋ ಹೆಣ್ಣೋ ಪ್ರಾಣಿಯೋ, ಒಬ್ಬರೋ ಹಲವರೋ ಎಂಬ ಲೆಕ್ಕವೂ ಅಲ್ಲೇ ಚುಕ್ತಾ ಆಗಬೇಕು. ಇಂಗ್ಲಿಷಿನ ವರ್ಕ್‌ಶೀಟಿನಿಂದ ಎತ್ತಿಕೊಂಡು, ಕ್ರಿಯೆಯನ್ನು ನಡುವೆ ಇಟ್ಟು ಕೊಟ್ಟರೆ ನಮ್ಮ ಮಗು ತಾನು ಎಂದೂ ಆಡದ ಮಾತನ್ನು ಬರೆಯಬೇಕಾಗುತ್ತದೆ. ಇನ್ನೊಂದು ಪೇಚೂ ಇದೆ. ‘ಇದು ನಮ್ಮ ಮನೆ’ ಎಂದು ಬರೆದ ಒಂದನೆಯ ತರಗತಿಯ ಪುಟಾಣಿ, ಕೆಂಪು ಮನೆಗೆ ಏನು ಹಾಕಲಿ ಎಂದು ಕಣ್ಣು ಕಣ್ಣು ಬಿಟ್ಟಳು. ಅಲ್ಲಿ ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ತಿಯಾಗಿದೆ. “ಖಾಲಿ ಇರ್ಲಿ ಬಿಡು, ಸರಿಯಾಗೇ ಇದೆ” ಎಂದರು ಶಿಕ್ಷಕಿ. ಮನೆ ತುಂಬಲೇಬೇಕೆಂದು ಹಟ ಹಿಡಿಯದ ಈ ಗುಣ ನನಗೆ ಬಹಳ ಹಿಡಿಸಿತು.

ಚಿತ್ರ, ಕಾರ್ಡು, ಬಣ್ಣಗಳ ಮೂಲಕ ಕಲಿಸುವ ರೂಢಿಗೆ ಈ ತಾಲ್ಲೂಕು ಹೊಸದಲ್ಲ. 1995ರಲ್ಲಿ ಇಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳ ಕಾರ್ಡುಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿನಲ್ಲಿ ನಲಿಕಲಿ ಶುರುವಾದದ್ದು ಇಲ್ಲೇ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ವರ್ಣಮಾಲೆಯ 49 ಅಕ್ಷರಗಳನ್ನು ಅ, ಆ ಎಂದು ಸಾಲಾಗಿ ಬಾಯಿಪಾಠ ಮಾಡಿಸುವ ಬದಲು ರ, ಗ, ಸ, ದ, ಅ ಎಂದು ಶುರುಮಾಡುತ್ತಾರೆ. ಐದು ಅಕ್ಷರ ಬಂದರೆ ಸಾಕು, ‘ಸರ’, ‘ಗರಗಸ’, ‘ಅರಸ’ ಎಂದು ಪದಗಳನ್ನೇ ಬರೆಯಬಹುದು. ಪದ ಕೈಗೆ ಬಂದ ಮಗುವನ್ನು ವಾಕ್ಯಕ್ಕೆ ದಾಟಿಸುವ ಕೆಲಸವನ್ನು ಈ ಬಣ್ಣದ ಮನೆಗಳು ಮಾಡುತ್ತವೆ.

ಮೂಲೆಯ ಗುಂಪಿನ ಸ್ಲೇಟುಗಳನ್ನೂ ಒಮ್ಮೆ ಇಣುಕಿ ನೋಡಿ. ಅಲ್ಲಿ ಚೌಕಗಳಿಲ್ಲ, ಬಣ್ಣವಿಲ್ಲ. ಮೊದಲು ಬಣ್ಣ ಹೋಯಿತು, ಆಮೇಲೆ ಪ್ರಶ್ನೆ ಹೋಯಿತು, ಕೊನೆಗೆ ಗೆರೆಯೂ ಹೋಯಿತು. ವರ್ಷಗಟ್ಟಲೆ ಚೌಕದೊಳಗೇ ಬರೆಸಿದರೆ ಮಗು ‘ಅಮ್ಮ ರೊಟ್ಟಿ ಸುಟ್ಟಳು, ಅಪ್ಪ ಹೊಲ ಉತ್ತನು’ ಎಂದು ಒಂದೇ ಅಚ್ಚಿನ ವಾಕ್ಯ ಹೊಡೆಯುತ್ತ ಕೂರುತ್ತದೆ. ಮನೆ ಕಟ್ಟುವುದಕ್ಕಿಂತ ಅದನ್ನು ಯಾವಾಗ ಅಳಿಸಬೇಕೆಂದು ತಿಳಿಯುವುದೇ ಇಲ್ಲಿ ಕಷ್ಟದ ಕಸುಬು.

ನಿಮ್ಮ ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು, ಸ್ಕೆಚ್ ಪೆನ್ನಿನಲ್ಲಿ ಮೂರು ಚೌಕ ಎಳೆದು ಕೊಡಿ. ಮೊದಲು ಮಗುವಿನ ಬಾಯಲ್ಲಿ ಸುದ್ದಿ ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಬರೆಸಿ. ಕೊನೆಯ ಚೌಕ ಮಾತ್ರ ಕ್ರಿಯಾಪದಕ್ಕೇ ಇರಲಿ.