ನಿತ್ಯಜೀವ ಯಾವಾಗ ಶುರುವಾಗುತ್ತದೆ?

"ನಿಮ್ಮಲ್ಲಿ ಪುನರ್ಜನ್ಮ ಇಲ್ಲ. ಮತ್ತೆ ನಿತ್ಯಜೀವ ಅಂದರೆ ಸ್ವರ್ಗವೇ?" ಮುಂಬಯಿಯ ನಮ್ಮ ಕನ್ನಡ ಸಭೆಯಲ್ಲಿ ಯಾರಾದರೂ ತೀರಿಕೊಂಡಾಗ, ಮಣ್ಣಿಗೆ ಬಂದ ಗೆಳೆಯರು ಹೀಗೆ ಕೇಳುವುದುಂಟು. ಹೌದು ಎಂದುಬಿಟ್ಟರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಕ್ರೈಸ್ತರ ಲೆಕ್ಕದಲ್ಲಿ ಸಾವು ಎಂದರೆ ಉಸಿರು ನಿಲ್ಲುವುದಷ್ಟೇ ಅಲ್ಲ. ಆದಿಕಾಂಡದಲ್ಲಿ ದೇವರು ಆದಾಮನಿಗೆ, ಆ ಮರದ ಹಣ್ಣು ತಿಂದ ದಿನವೇ ಸಾಯುವೆ ಎಂದು ಎಚ್ಚರಿಸಿದ್ದ. ಆದಾಮ, ಹವ್ವ ಇಬ್ಬರೂ ತಿಂದರು. ಅಲ್ಲೇ ಬಿದ್ದು ಸಾಯಲಿಲ್ಲ. ಆದರೆ ದೇವರ ಸಪ್ಪಳ ಕೇಳಿ ಮರಗಳ ನಡುವೆ ಅಡಗಿಕೊಂಡರು. ಆತ್ಮಿಕ ಮರಣ ಎನ್ನುವುದು ಇದನ್ನೇ: ಜೀವ ಕೊಟ್ಟವನಿಂದಲೇ ಅಡಗಿ ಬದುಕುವುದು. ಎಫೆಸದ ಸಭೆಗೆ ಬರೆಯುವಾಗ ಪೌಲನು, ಓಡಾಡಿಕೊಂಡಿದ್ದ ಅಲ್ಲಿನ ಜನರನ್ನೇ ಹಿಂದೆ ಪಾಪಗಳಲ್ಲಿ ಸತ್ತಿದ್ದವರು ಎಂದು ಕರೆಯುತ್ತಾನೆ.

ಹಾಗೆಯೇ ನಿತ್ಯಜೀವವೂ ಸತ್ತ ಮೇಲೆ ಶುರುವಾಗುವುದಲ್ಲ. ಯೋಹಾನನ ಸುವಾರ್ತೆಯ 5ನೇ ಅಧ್ಯಾಯದ ಪ್ರಕಾರ ನಂಬಿದವನು ಆಗಲೇ ಸಾವನ್ನು ದಾಟಿ ಜೀವಕ್ಕೆ ಸೇರಿದ್ದಾನೆ. 17ನೇ ಅಧ್ಯಾಯದಲ್ಲಿ ಯೇಸುವೇ ಅದರ ಅರ್ಥ ಹೇಳುತ್ತಾನೆ: ದೇವರನ್ನೂ ಆತನು ಕಳುಹಿಸಿದ ಕ್ರಿಸ್ತನನ್ನೂ ಅರಿಯುವುದು. ಇದು ಪುಣ್ಯ ಕೂಡಿಟ್ಟು ಸಂಪಾದಿಸುವುದಲ್ಲ. ಶಿಲುಬೆಯ ಮರಣ ಮತ್ತು ಪುನರುತ್ಥಾನದ ಮೂಲಕ ಕೃಪೆಯಾಗಿ ಬರುವುದು. ಕನ್ನಡದ 'ನಿತ್ಯ' ಇಲ್ಲಿ ತುಂಬ ಹೊಂದುತ್ತದೆ. ಕೊನೆಯಿಲ್ಲದ್ದಕ್ಕೂ ಅದೇ ಪದ, ದಿನದಿನದ್ದಕ್ಕೂ ಅದೇ.

ಹಾಗೆಂದು ದೇಹದ ಸಾವು ಸುಳ್ಳಲ್ಲ. ಕಡೇ ದಿನ ತಮ್ಮ ಎದ್ದಾನು ಎಂದು ಗೊತ್ತು ಎಂದಳು ಲಾಜರನ ಅಕ್ಕ ಮಾರ್ಥಳು. ತಾನೇ ಪುನರುತ್ಥಾನ ಎಂದ ಯೇಸು. ಅಷ್ಟು ಹೇಳಿದವನೂ ಆ ಗೋರಿಯ ಬಳಿ ಅತ್ತ. ತೀರಿಕೊಂಡವರ ವಿಷಯದಲ್ಲಿ ನಮ್ಮೊಳಗೇ ಭೇದಗಳಿವೆ. ಕಥೋಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೋಗಿ ಅಗಲಿದವರಿಗಾಗಿ ಪ್ರಾರ್ಥಿಸುತ್ತಾರೆ. ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. ಆದರೆ 381ರಲ್ಲಿ ಪೂರ್ಣರೂಪ ಪಡೆದ ನೈಸೀನ್ ವಿಶ್ವಾಸ ಪ್ರಮಾಣದಲ್ಲಿರುವ ಸತ್ತವರ ಪುನರುತ್ಥಾನವನ್ನು ಎರಡೂ ಕಡೆಯವರು ಒಪ್ಪುತ್ತಾರೆ.

ಈ ನಂಬಿಕೆಗೆ ಮುಂಬಯಿ ತನ್ನದೇ ಪರೀಕ್ಷೆ ಒಡ್ಡುತ್ತದೆ. ಇಲ್ಲಿ ಹೂಳುವ ಜಾಗಕ್ಕೂ ಬರ. ಕುಟುಂಬದ ಸ್ವಂತ ಸಮಾಧಿ ಇಲ್ಲದವರ ಗುಂಡಿಯನ್ನು ಕೆಲವು ವರ್ಷಗಳ ನಂತರ ತೆರೆದು ಇನ್ನೊಬ್ಬರಿಗೆ ಕೊಡುತ್ತಾರೆ. ಅಪ್ಪನ ಗುಂಡಿಯ ಸರದಿ ಬಂದಾಗ ಅಮ್ಮ ಕೇಳಿದ್ದು, "ಕಡೇ ದಿನ ಎಬ್ಬಿಸೋವಾಗ ಇವರನ್ನ ಎಲ್ಲಿ ಅಂತ ಹುಡುಕ್ತಾರೆ?" ನಮ್ಮ ಪಾಲಕರು ಕೊರಿಂಥದವರಿಗೆ ಬರೆದ ಪತ್ರಿಕೆ ತೆಗೆದರು. ಬಿತ್ತಿದ ಕಾಳು ಮಣ್ಣಲ್ಲಿ ಕಾಳಾಗಿಯೇ ಉಳಿಯುವುದಿಲ್ಲ, ದೇವರು ಅದಕ್ಕೆ ಬೇರೆ ದೇಹ ಕೊಡುತ್ತಾನೆ ಎನ್ನುವ ಭಾಗ ಅದು. ಹೊಲದಲ್ಲಿ ದುಡಿದು ಬಂದ ಅಮ್ಮನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಅವರು ಅತ್ತರು, ಆದರೆ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ನನಗೆ ಇದಕ್ಕಿಂತ ಕಠಿಣ ಎನಿಸುವುದು ಯೋಹಾನನ ಮೊದಲ ಪತ್ರಿಕೆಯ ಮಾತು: ಸಹೋದರನನ್ನು ಪ್ರೀತಿಸದವನು ಇನ್ನೂ ಸಾವಿನಲ್ಲೇ ಇದ್ದಾನೆ. ಊರಿನ ಹೊಲದ ಪಾಲಿಗಾಗಿ ಮಾತು ಬಿಟ್ಟು, ಇಲ್ಲಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ನಿತ್ಯಜೀವದ ಹಾಡು ಹೇಳುವ ಅಣ್ಣತಮ್ಮಂದಿರನ್ನು ನಾನು ನೋಡಿದ್ದೇನೆ. ತಪ್ಪಿಹೋದ ಮಗನ ಕಥೆಯಲ್ಲಿ ತಂದೆ, ಸತ್ತಿದ್ದವನು ಬದುಕಿ ಬಂದ ಎಂದು ಎರಡು ಸಲ ಹೇಳುತ್ತಾನೆ. ಎರಡನೆಯ ಸಲ ಹೇಳುವುದು, ತಮ್ಮನ ಮೇಲಿನ ಸಿಟ್ಟಿಗೆ ಮನೆಯೊಳಗೆ ಬಾರದೆ ಹೊರಗೇ ನಿಂತ ಅಣ್ಣನಿಗೆ. ಅವನು ಒಳಗೆ ಹೋದನೋ ಇಲ್ಲವೋ, ಲೂಕನು ಬರೆದಿಲ್ಲ.